ಕೆಳಗಿನ ಹಾಡು, ಮೇಲಿನ ದೂರು

ಆ ಜಾಗದಲ್ಲಿ ಈಗ ಫಿಸಿಯೋಥೆರಪಿ ಕೇಂದ್ರವಿದೆ. ಕಿಟಕಿಗಳಿಗೆ ಒಳಗಿನದು ಕಾಣದಂಥ ಹಾಲುಬಣ್ಣದ ಗಾಜು ಹಾಕಿಸಿದ್ದಾರೆ. ಹೋದ ತಿಂಗಳು ನನ್ನ ಸೊಂಟ ಹಿಡಿದುಕೊಂಡಾಗ ಹೆಂಡತಿ, ಅಲ್ಲಿಗೇ ಹೋಗಿ ಬನ್ನಿ, ನಡೆದುಕೊಂಡೇ ಹೋಗಬಹುದು ಎಂದಳು. ನಾನು ಹೋಗಲಿಲ್ಲ. ನೋಯುವ ಸೊಂಟ ಹೊತ್ತುಕೊಂಡು, ಎರಡು ಬಸ್ಸು ಬದಲಾಯಿಸಿ, ಬೇರೆ ಊರಿನ ಕೇಂದ್ರಕ್ಕೆ ಹೋದೆ. ಇದು ಹಟ ಎಂದು ನನಗೂ ಗೊತ್ತು. ಆದರೆ ಕೆಲವು ಸಿಟ್ಟುಗಳನ್ನು ಬಿಡಬಾರದು. ಬಿಟ್ಟರೆ, ನಡೆದದ್ದೆಲ್ಲ ಸರಿಯಾಗಿಯೇ ನಡೆಯಿತು ಎಂದು ಒಪ್ಪಿಕೊಂಡ ಹಾಗಾಗುತ್ತದೆ.

ನಾನು ಹುಬ್ಬಳ್ಳಿಯವನು. ಜರ್ಮನಿಯ ಶ್ವೀಬರ್ಡಿಂಗೆನ್‌ನಲ್ಲಿ ಕಾರಿನ ಎಲೆಕ್ಟ್ರಾನಿಕ್ ಬಿಡಿಭಾಗಗಳ ಗುಣಮಟ್ಟ ನೋಡುವುದು ನನ್ನ ಕೆಲಸ. ಕೆಟ್ಟ ಭಾಗ ಬಂದರೆ ಅದನ್ನು ಕಳಿಸಿದ ಕಂಪನಿಗೆ ಪತ್ರ ಬರೆಯಬೇಕು. ನಾನು ಜರ್ಮನ್ ಕಲಿತದ್ದು ಹೆಚ್ಚಾಗಿ ಹೀಗೆ ದೂರು ಬರೆಯುತ್ತಲೇ. ತರಗತಿಗೆ ಹೋಗಿ ಕಲಿತವರಿಗೆ ಹವಾಮಾನ, ಹೂವು, ಹುಟ್ಟುಹಬ್ಬದ ಬಗ್ಗೆ ಮಾತಾಡಲು ಬರುತ್ತದೆ. ನನಗೆ ಸುತ್ತಿ ಬಳಸಿ, ಸಭ್ಯವಾಗಿ, ತಪ್ಪೆಲ್ಲ ನಿಮ್ಮದೇ ಎಂದು ಹೇಳಲು ಬರುತ್ತದೆ.

ಬಂದ ಮೊದಲ ಚಳಿಗಾಲ ಹೆಂಡತಿ ಮಗಳು ಇನ್ನೂ ಹುಬ್ಬಳ್ಳಿಯಲ್ಲೇ ಇದ್ದರು. ನಾನೊಬ್ಬನೇ ಒಂದು ಕೋಣೆಯ ಮನೆಯಲ್ಲಿದ್ದೆ. ವಾರವೆಲ್ಲ ಹೇಗೋ ಕಳೆಯುತ್ತಿತ್ತು. ಭಾನುವಾರ ಮಾತ್ರ ಕಳೆಯುತ್ತಿರಲಿಲ್ಲ. ಅಂಗಡಿ ಮುಚ್ಚಿರುತ್ತದೆ, ಬೀದಿಯಲ್ಲಿ ಜನ ಇರುವುದಿಲ್ಲ, ಬಸ್ಸು ಗಂಟೆಗೊಂದು. ಹುಬ್ಬಳ್ಳಿಯ ಗಣೇಶಪೇಟೆಯ ಓಣಿಯಲ್ಲಿ ಬೆಳೆದವನಿಗೆ ಆ ಮೌನ ಜ್ವರದ ಹಾಗೆ ಮೈಗೆ ಹತ್ತಿತು. ಒಂದು ಭಾನುವಾರ ಹನ್ನೊಂದರ ಹೊತ್ತಿಗೆ, ಎಲ್ಲಿಗೆ ಹೋಗಬೇಕೆಂದು ಗೊತ್ತಿಲ್ಲದೆ ಬಸ್ ನಿಲ್ದಾಣದಲ್ಲಿ ನಿಂತಿದ್ದಾಗ, ಎದುರಿನ ಹಳೆಯ ಮನೆಯ ಕೆಳಗಿನ ಅಂತಸ್ತಿನಿಂದ ಕ್ಲಾರಿನೆಟ್ ಕೇಳಿಸಿತು.

ಇಲ್ಲಿ ನಮ್ಮಪ್ಪನ ವಿಷಯ ಹೇಳಬೇಕು. ನಮ್ಮಪ್ಪ ಮದುವೆಯ ಬ್ಯಾಂಡ್‌ನಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದರು. ಹೆಗಲಪಟ್ಟಿಯ ಕೆಂಪು ಕೋಟು, ಬಿಳಿ ಪ್ಯಾಂಟು, ಕಾಲಿಗೆ ಮಾತ್ರ ರಬ್ಬರ್ ಚಪ್ಪಲಿ. ಅವರು ಮೆರವಣಿಗೆಯ ಮುಂದೆ ನುಡಿಸುತ್ತ ನಮ್ಮ ಶಾಲೆಯ ಎದುರು ಹಾದುಹೋದಾಗ ನಾನು ಬೆಂಚಿನ ಕೆಳಗೆ ಪೆನ್ಸಿಲ್ ಹುಡುಕುವವನ ಹಾಗೆ ಬಗ್ಗಿ ಕೂರುತ್ತಿದ್ದೆ. ಮದುವೆ ಮನೆಯಲ್ಲಿ ಬ್ಯಾಂಡಿನವರಿಗೆ ಊಟ ಎಲ್ಲರದೂ ಆದ ಮೇಲೆ, ಹಿತ್ತಿಲಿನಲ್ಲಿ. ಅಷ್ಟು ಹೊತ್ತು ಇವರ ವಾದ್ಯಕ್ಕೆ ಕುಣಿದವರು ಆಮೇಲೆ ಇವರ ಮುಖ ನೋಡುತ್ತಿರಲಿಲ್ಲ. ಹಾಡು ಬೇಕು, ಹಾಡುವವನು ಬೇಡ. ಅಪ್ಪ ಇದಕ್ಕೆ ಎಂದೂ ಸಿಟ್ಟಾಗಲಿಲ್ಲ. ಅವರ ಪಾಲಿನ ಸಿಟ್ಟೂ ನನ್ನ ಹತ್ತಿರವೇ ಉಳಿದಿದೆ ಎಂದು ಈಗ ಅನ್ನಿಸುತ್ತದೆ. ನನಗೆ ಅವರು ಒಂದು ಸ್ವರವನ್ನೂ ಕಲಿಸಲಿಲ್ಲ. ನೀನು ಓದು ಎಂದರು. ಓದಿದೆ. ಆದ್ದರಿಂದಲೇ ಆ ಬಸ್ ನಿಲ್ದಾಣದಲ್ಲಿ ನಿಂತಿದ್ದೆ.

ರಸ್ತೆ ದಾಟಿ ಹೋಗಿ ಬಾಗಿಲನ್ನು ಅರ್ಧ ತೆಗೆದು ಹೊಸ್ತಿಲಲ್ಲೇ ನಿಂತುಕೊಂಡೆ. ಒಳಗೆ ಕಡುಕಂದು ಮರದ ಮೇಜುಗಳು, ಹತ್ತು ಹದಿನೈದು ಜನ, ಹೆಚ್ಚಿನವರು ವಯಸ್ಸಾದವರು. ಒಂದು ಮೂಲೆಯಲ್ಲಿ ದಪ್ಪ ಮೀಸೆಯ ಮುದುಕ ಅಕಾರ್ಡಿಯನ್ ಹಿಡಿದಿದ್ದ. ಅವನ ಪಕ್ಕದಲ್ಲಿ ಕನ್ನಡಕ ಹಾಕಿದ ಹೆಂಗಸೊಬ್ಬಳು ಕ್ಲಾರಿನೆಟ್ ನುಡಿಸುತ್ತಿದ್ದಳು. ಜನ ಮಾತಾಡುತ್ತಿದ್ದರು, ಇಸ್ಪೀಟು ಆಡುತ್ತಿದ್ದರು, ಇದ್ದಕ್ಕಿದ್ದ ಹಾಗೆ ಪಲ್ಲವಿ ಬಂದಾಗ ಎಲೆ ಕೆಳಗಿಡದೆಯೇ ಎಲ್ಲರೂ ಸೇರಿ ಹಾಡಿ, ಮತ್ತೆ ಆಟಕ್ಕೆ ಮರಳುತ್ತಿದ್ದರು. ಅಷ್ಟರಲ್ಲಿ ಏಪ್ರನ್ ಕಟ್ಟಿದ್ದ, ಅರವತ್ತು ದಾಟಿದ ಒಡತಿ ನನ್ನತ್ತ ಕೂಗಿದಳು: "ರೈನ್ ಓಡರ್ ರೌಸ್!" ಒಳಗೆ ಬಾ, ಇಲ್ಲವೇ ಹೊರಗೆ ಹೋಗು ಎಂದು. ಬಾಗಿಲು ತೆರೆದಿಟ್ಟರೆ ಒಳಗಿನ ಬಿಸಿ ಹೋಗುತ್ತದೆ.

ನಾನು ಒಳಗೆ ಹೋದೆ. ಕೂತ ಕೂಡಲೇ ತಪ್ಪೊಪ್ಪಿಕೊಳ್ಳುವವನಂತೆ, "ನಾನು ಕುಡಿಯುವುದಿಲ್ಲ" ಎಂದೆ.

"ನಾನು ಕೇಳಿದೆನಾ?" ಎಂದಳು ಒಡತಿ. ಸೇಬಿನ ರಸಕ್ಕೆ ಸೋಡಾ ಬೆರೆಸಿ ದೊಡ್ಡ ಗ್ಲಾಸಿನಲ್ಲಿ ತಂದಿಟ್ಟು ಹೊರಟುಹೋದಳು. ಇಷ್ಟೇ ನಡೆದದ್ದು. ಅಂದಿನಿಂದ ಆರು ವರ್ಷ ನನ್ನ ಭಾನುವಾರಗಳು ಅಲ್ಲೇ ಕಳೆದವು, ಹನ್ನೊಂದರಿಂದ ಎರಡರವರೆಗೆ.

ಇಂಥ ಜಾಗಕ್ಕೆ ಇಲ್ಲಿ ಕ್ನೈಪೆ ಎನ್ನುತ್ತಾರೆ. ಕುಡಿಯುವ ಜಾಗ ಎನ್ನುವುದು ನಿಜ. ಆದರೆ ಬರೀ ಕುಡಿಯುವುದಕ್ಕಾದರೆ ಮನೆಯಲ್ಲೂ ಕುಡಿಯಬಹುದು. ಜನ ಬರುತ್ತಿದ್ದದ್ದು, ಯಾಕೆ ಬಂದೆ ಎಂದು ಅಲ್ಲಿ ಯಾರೂ ಕೇಳುತ್ತಿರಲಿಲ್ಲ ಎನ್ನುವ ಕಾರಣಕ್ಕೆ. ಅದು ಸ್ವರ್ಗವೇನಲ್ಲ. ಮೊದಮೊದಲು ಒಬ್ಬ ಮುದುಕ ನನ್ನನ್ನು ನೋಡಿದಾಗಲೆಲ್ಲ, ಇವರೆಲ್ಲ ಇಲ್ಲಿಗೂ ಬಂದರು ಎಂದು ಗೊಣಗುತ್ತಿದ್ದ. ಒಡತಿ ಒಂದು ದಿನ ಅವನ ಮುಂದೆ ಗ್ಲಾಸು ಕುಕ್ಕಿ, "ಅವನು ಕೂರಲಿ. ನಿನಗೆ ಕಷ್ಟವಾದರೆ ಬಾಗಿಲು ಗೊತ್ತಲ್ಲ" ಎಂದಳು. ಮುದುಕ ಎದ್ದು ಹೋಗಲಿಲ್ಲ. ಎರಡು ವರ್ಷದ ಮೇಲೆ ಅವನೇ ನನಗೆ ಅವರ ಇಸ್ಪೀಟಾಟ ಕಲಿಸಿದ.

ಅಲ್ಲಿ ಭಾನುವಾರ ಒಂದೇ ಅಡುಗೆ. ಬೇಯಿಸಿದ ಮಸೂರ, ಅದರ ಜೊತೆ ಶ್ಯಾವಿಗೆಯಂಥ ಮೆತ್ತನೆಯ ಹಿಟ್ಟಿನ ತುಣುಕು, ಮೇಲೊಂದು ಸಾಸೇಜ್. ಸಾಸೇಜ್ ಬೇಡ ಎಂದು ಹೇಳಿ ನಾನು ಬೇಳೆ ತಿನ್ನುತ್ತಿದ್ದೆ. ಮೂರು ವರ್ಷ ತಿಂದ ಮೇಲೆ ಒಂದು ದಿನ ಕೈತೊಳೆಯಲು ಹೋದಾಗ ಅಡುಗೆಮನೆಯ ಬಾಗಿಲಿನಿಂದ ಕಣ್ಣಿಗೆ ಬಿತ್ತು: ಒಲೆಯ ಮೇಲೆ ಒಂದು ದೊಡ್ಡ ಪಾತ್ರೆ, ಪಕ್ಕದಲ್ಲಿ ಒಂದು ಚಿಕ್ಕ ಪಾತ್ರೆ. ದೊಡ್ಡದರಲ್ಲಿ ಹಂದಿಯ ಕೊಬ್ಬು ಹಾಕಿ ಬೇಯಿಸುತ್ತಾರೆ, ಅದು ಅವರ ಪದ್ಧತಿ. ಚಿಕ್ಕದು ನನ್ನದು. ಮೂರು ವರ್ಷ ಆ ಹೆಂಗಸು ಪ್ರತಿ ಭಾನುವಾರ ನನ್ನೊಬ್ಬನಿಗಾಗಿ ಬೇರೆ ಪಾತ್ರೆ ಇಟ್ಟಿದ್ದಳು, ಒಂದು ಮಾತೂ ಹೇಳಿರಲಿಲ್ಲ. ನಮ್ಮ ನೆಂಟರಿಷ್ಟರೇ ಇಷ್ಟು ಮಾಡಿದ್ದರೆ ನಾಲ್ಕು ಜನಕ್ಕೆ ಹೇಳಿಕೊಂಡು ತಿರುಗುತ್ತಿದ್ದರು.

ನಾನು ಅಲ್ಲಿಗೆ ಹೋಗುವುದು ಸುತ್ತಲಿನ ಯಾರಿಗೂ ಹಿಡಿಸಲಿಲ್ಲ. ಶುಕ್ರವಾರದ ನಮಾಜಿಗೆ ಸಿಗುವ ಪರಿಚಯದವರೊಬ್ಬರು, ಅಂಥ ಜಾಗಕ್ಕೆ ಹೋಗುತ್ತೀರಂತೆ, ಎಂದು ಪಕ್ಕಕ್ಕೆ ಕರೆದು ಕೇಳಿದರು. ಕನ್ನಡ ಸಂಘದವರು ಅದನ್ನೇ ನಗುತ್ತ ಕೇಳುತ್ತಿದ್ದರು: "ನಿಮ್ಮಲ್ಲಿ ಕುಡಿಯಂಗಿಲ್ಲ ಅಲ್ವಾ? ಮತ್ತೆ ಅಲ್ಲೇನ್ ಮಾಡ್ತೀರಾ?" ಎರಡು ಕಡೆಯವರಿಗೂ ನಾನು ಏನು ಎನ್ನುವುದು ನನಗಿಂತ ಚೆನ್ನಾಗಿ ಗೊತ್ತಿತ್ತು. ಹಾಡು ಕೇಳುತ್ತೇನೆ ಎಂದರೆ ಇಬ್ಬರೂ ನಂಬುತ್ತಿರಲಿಲ್ಲ.

ಹೆಂಡತಿ ಮಾತ್ರ ಒಮ್ಮೆ ಜೊತೆಗೆ ಬಂದು ನೋಡಿದಳು. ಅಕಾರ್ಡಿಯನ್ ಮುದುಕ ಎದ್ದು ನಿಂತು ಅವಳಿಗೆ ನಮಸ್ಕಾರ ಹೇಳಿದ. ಮೂವತ್ತು ವರ್ಷಕ್ಕೂ ಹೆಚ್ಚು ಸಿಂಡೆಲ್‌ಫಿಂಗೆನ್‌ನ ಕಾರ್ಖಾನೆಯಲ್ಲಿ ಕಾರಿಗೆ ಬಾಗಿಲು ಕೂರಿಸಿದವನು ಅವನು. ಬಲಗೈಯ ಎರಡು ಬೆರಳು ಪೂರ್ತಿ ಮಡಿಚುತ್ತಿರಲಿಲ್ಲ. "ಆ ಬೆರಳಿಟ್ಟುಕೊಂಡು ಹೆಂಗ ಬಾರಸ್ತಾರ?" ಎಂದು ದಾರಿಯುದ್ದಕ್ಕೂ ಕೇಳಿದಳು. ಆಮೇಲೆ ನನ್ನ ಭಾನುವಾರಗಳ ಬಗ್ಗೆ ಅವಳು ಏನೂ ಹೇಳಲಿಲ್ಲ.

ಈಗ ನನ್ನ ಸಿಟ್ಟಿಗೆ ಕಾರಣನಾದವನ ವಿಷಯ. ಹೆಸರು ಬೇಡ. ಬೆಂಗಳೂರಿನವನು, ನನ್ನದೇ ವಯಸ್ಸು, ನಮ್ಮದೇ ಕಟ್ಟಡದಲ್ಲಿ ಸಾಫ್ಟ್‌ವೇರ್ ವಿಭಾಗ. ಬಂದಾಗ ಅವನಿಗೆ ಇಲ್ಲಿಯ ಭಾಷೆ ಒಂದಕ್ಷರವೂ ಬರುತ್ತಿರಲಿಲ್ಲ. ಮನೆ ವಿಳಾಸ ನೋಂದಾಯಿಸುವ ಕಚೇರಿಗೆ ನಾನೇ ಕರೆದುಕೊಂಡು ಹೋದೆ, ಬ್ಯಾಂಕಿಗೂ ನಾನೇ, ಹಲ್ಲುನೋವು ಬಂದಾಗ ಡಾಕ್ಟರ ಹತ್ತಿರವೂ ನಾನೇ. ಒಂದು ಭಾನುವಾರ ಕ್ನೈಪೆಗೂ ಕರೆದುಕೊಂಡು ಹೋದೆ. ಅವನು ಕೂತಲ್ಲಿ ಕೂರಲಿಲ್ಲ. ಫೋನ್ ಎತ್ತಿ ಹಿಡಿದು ಮೂಲೆ ಮೂಲೆಯನ್ನೂ ವಿಡಿಯೋ ಮಾಡಿದ. "ಏನ್ ವೈಬ್ ಗುರು ಇದು! ಟೂರಿಸ್ಟ್‌ಗಳಿಗೆ ಇಂಥದ್ದು ಸಿಗೋದೇ ಇಲ್ಲ. ಫುಲ್ ಒರಿಜಿನಲ್!" ಎಂದ. ನನಗೆ ಹೆಮ್ಮೆಯಾಯಿತು. ನಾಚಿಕೆಯಿಲ್ಲದೆ ಒಪ್ಪಿಕೊಳ್ಳುತ್ತೇನೆ, ನನ್ನ ಸ್ವಂತ ಮನೆಯನ್ನು ಯಾರೋ ಹೊಗಳಿದ ಹಾಗೆ ಹೆಮ್ಮೆಯಾಯಿತು.

ಕ್ನೈಪೆಯ ನೇರ ಮೇಲಿನ ಫ್ಲ್ಯಾಟಿನಲ್ಲಿ ಒಬ್ಬ ಅಜ್ಜಿ ಇದ್ದಳು. ಭಾನುವಾರ ಮೆಟ್ಟಿಲಿಳಿಯಲಾಗದ ದಿನ ಕೋಲಿನಿಂದ ನೆಲಕ್ಕೆ ತಾಳ ಹಾಕುತ್ತಿದ್ದಳು. ಕೆಳಗೆ ನಮಗೆ ಕೇಳಿಸುತ್ತಿತ್ತು. ಅವಳನ್ನು ವೃದ್ಧಾಶ್ರಮಕ್ಕೆ ಸೇರಿಸಿದ ಮೇಲೆ ಮಕ್ಕಳು ಫ್ಲ್ಯಾಟ್ ಮಾರಾಟಕ್ಕಿಟ್ಟರು. ಈ ಸುದ್ದಿ ಹೇಳಿದವಳು ಒಡತಿ. ನಾನು ಮರುದಿನ ಕ್ಯಾಂಟೀನಿನಲ್ಲಿ ಅವನಿಗೆ ಹೇಳಿದೆ. ಅವನು ತಿಂಗಳುಗಟ್ಟಲೆ ಮನೆ ಹುಡುಕುತ್ತಿದ್ದ. ಕೆಳಗೆ ಭಾನುವಾರ ಹಾಡು ಇರುತ್ತದೆ, ನೋಡಿಕೋ, ಎಂದೂ ಹೇಳಿದೆ.

"ಅದೇ ಪ್ಲಸ್ ಪಾಯಿಂಟ್ ಗುರು!" ಎಂದ.

ಅವನು ಅದನ್ನು ಕೊಂಡ. ಗೃಹಪ್ರವೇಶದ ದಿನ ನಾವೆಲ್ಲ ಹೋಗಿ ಕೋಸಂಬರಿ, ಪುಳಿಯೋಗರೆ ತಿಂದು ಬಂದೆವು. ಮೊದಲ ಎರಡು ಭಾನುವಾರ ಕೆಳಗೆ ಬಂದು ಕೂತ. ಮೂರನೆಯ ಭಾನುವಾರ ಬರಲಿಲ್ಲ. ಆಮೇಲೆ ಆಫೀಸಿನಲ್ಲಿ ಒಂದು ದಿನ, ಕೈಗೆ ಕಟ್ಟಿಕೊಂಡ ಗಡಿಯಾರವನ್ನು ತೋರಿಸಿ, "ಇದ್ರಲ್ಲಿ ನೋಡು, ನಂದು ಸಂಡೇ ಸ್ಲೀಪ್ ಸ್ಕೋರ್ ಫುಲ್ ಬಿದ್ದೋಗಿದೆ" ಎಂದ.

"ಹನ್ನೊಂದು ಗಂಟೆಗೆ ಯಾರಪಾ ಮಲಗತಾರ?" ಎಂದೆ.

"ವಾರವೆಲ್ಲ ದುಡಿದು ಸಂಡೇ ಒಂದಿನ ರೆಸ್ಟ್ ಬೇಡ್ವಾ ಗುರು?"

ಸುಳ್ಳು ಹೇಳಲಾರೆ. ಒಂದು ಭಾನುವಾರ ಅವನ ಮನೆಗೆ ಹೋಗಿ ನಾನೇ ಕೂತು ನೋಡಿದೆ. ಕೇಳಿಸುತ್ತಿತ್ತು. ಪಲ್ಲವಿ ಬಂದಾಗ ಜನ ಕಾಲು ಕುಟ್ಟಿದರೆ ಮೇಜಿನ ಮೇಲಿನ ಚಮಚ ಸಣ್ಣಗೆ ಅದುರುತ್ತಿತ್ತು. ಹಳೆಯ ಮರದ ನೆಲ. ನೆಲದ ಕೆಳಗೆ ಏನಾದರೂ ಹಾಕಿಸಿದರೆ ಸರಿಹೋಗಬಹುದು ಎಂದು ನಾನೇ ಹೇಳಿದೆ. ಆ ಮಾತನ್ನು ಅವನು ಹಿಡಿದುಕೊಂಡ.

ಬೇಸಿಗೆ ಮುಗಿಯುವಾಗ ಊಟದ ಹೊತ್ತಿನಲ್ಲಿ ನನ್ನ ಮೇಜಿನ ಹತ್ತಿರ ಬಂದ. "ಕೆಳಗಿನ ಜಾಗದ ಓನರ್‌ಗೆ ಒಂದು ಲೆಟರ್ ಬರ್ದಿದೀನಿ, ಫ್ಲೋರ್ ಇನ್ಸುಲೇಷನ್ ಬಗ್ಗೆ. ನಿನ್ ಜರ್ಮನ್ ಚೆನ್ನಾಗಿದೆ, ಒಂದ್ಸಲ ಕರೆಕ್ಟ್ ಮಾಡ್ಕೊಡು" ಎಂದ. ಕೆಳಗಿನ ಅಂಗಡಿ ಜಾಗದ ಮಾಲೀಕರು ಬೇರೆ ಇದ್ದರು. ಒಡತಿ ಅವರ ಬಾಡಿಗೆದಾರಳು. ಅವನ ಪತ್ರದಲ್ಲಿ ಸದ್ದಿನ ಬಗ್ಗೆ, ಮರದ ನೆಲದ ಬಗ್ಗೆ ಅರ್ಧ ಪುಟ ಇತ್ತು. ನೆಲ ಸರಿಯಾದರೆ ಮೇಲಿನವನಿಗೂ ನಿದ್ದೆ, ಕೆಳಗಿನವರಿಗೂ ಹಾಡು ಎಂದುಕೊಂಡು ವ್ಯಾಕರಣ ತಿದ್ದಿದೆ. ಕೊನೆಯಲ್ಲಿ ನನ್ನ ಅಭ್ಯಾಸದ ಒಂದು ಸಾಲು ಸೇರಿಸಿದೆ. ಕೆಟ್ಟ ಭಾಗ ಕಳಿಸಿದ ಕಂಪನಿಗಳಿಗೆ ನಾನು ದಿನಾ ಬರೆಯುವ ಸಾಲು ಅದು: "ತ್ಸೈಟ್‌ನಾಹೆ ಆಬ್‌ಹಿಲ್ಫೆ" ಕೋರುತ್ತೇವೆ, ಎಂದರೆ ಆದಷ್ಟು ಬೇಗ ಈ ತೊಂದರೆ ನಿವಾರಿಸಿ ಎಂದು. ಅವನಿಗೆ ಅದು ಬಹಳ ಹಿಡಿಸಿತು.

ಮೂರು ವಾರದ ಮೇಲೆ ಒಂದು ಭಾನುವಾರ ಹೋದರೆ ಅಕಾರ್ಡಿಯನ್ ಪೆಟ್ಟಿಗೆಯಲ್ಲೇ ಇತ್ತು. ಮುದುಕ ಅದರ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ಕೂತಿದ್ದ. ಒಡತಿ ನನ್ನ ಮುಂದೆ ಒಂದು ಕಾಗದ ಇಟ್ಟಳು. "ನೀನು ಓದಿದವನು. ಇದರಲ್ಲಿ ಏನಾದರೂ ದಾರಿ ಇದೆಯಾ ನೋಡು."

ಆರ್ಡ್ನುಂಗ್ಸ್‌ಆಮ್ಟ್ ಎಂದು ಕರೆಯುವ, ಊರಿನ ಶಿಸ್ತು ನೋಡುವ ಕಚೇರಿಯಿಂದ ಬಂದ ಪತ್ರ ಅದು. ಭಾನುವಾರ ಕಾನೂನಿನ ಪ್ರಕಾರ ಶಾಂತಿಯ ದಿನ; ನಿವಾಸಿಯೊಬ್ಬರು ದೂರು ಕೊಟ್ಟಿದ್ದಾರೆ; ಸದ್ದಿನ ತಜ್ಞರ ವರದಿ ಬರುವವರೆಗೆ ವಾದ್ಯ ಸಂಗೀತ ನಿಲ್ಲಿಸಬೇಕು. ಜೊತೆಗೆ ದೂರಿನ ಪ್ರತಿ. ಹನ್ನೊಂದು ಭಾನುವಾರಗಳ ಪಟ್ಟಿ: ಎಷ್ಟು ಗಂಟೆಗೆ ಶುರು, ಎಷ್ಟಕ್ಕೆ ಮುಗಿಯಿತು, ಫೋನಿನ ಆ್ಯಪ್ ಎಷ್ಟು ಸದ್ದು ತೋರಿಸಿತು, ಎಲ್ಲ. ಅವನು ಕೆಳಗೆ ಬರುವುದನ್ನು ಬಿಟ್ಟ ದಿನದಿಂದಲೇ ಬರೆದಿಟ್ಟಿದ್ದ. ಪುಟದ ಕೊನೆಗೆ ಬಂದೆ. ಅಲ್ಲಿ ನನ್ನ ಸಾಲು ಇತ್ತು. ತ್ಸೈಟ್‌ನಾಹೆ ಆಬ್‌ಹಿಲ್ಫೆ.

ನಾನು ತಿದ್ದಿಕೊಟ್ಟ ಅರ್ಧ ಪುಟವನ್ನು ಅವನು ಇಡಿಯಾಗಿ ಎತ್ತಿ ದೂರಿಗೆ ಅಂಟಿಸಿದ್ದ. ಒಡತಿ ನನ್ನ ಮುಖವನ್ನೇ ನೋಡುತ್ತಿದ್ದಳು. ದಾರಿ ಏನಾದರೂ ಇದೆಯೇ ಎಂದು ಮತ್ತೆ ಕೇಳಿದಳು. ನೋಡುತ್ತೇನೆ ಎಂದು ಹೇಳಿ ಎದ್ದು ಬಂದೆ. ಆ ದಿನ ನಿಜ ಹೇಳುವ ಧೈರ್ಯ ನನಗಾಗಲಿಲ್ಲ.

ಸೋಮವಾರ ಬೆಳಿಗ್ಗೆ ಅವನನ್ನು ಕಾರ್ ಪಾರ್ಕಿಂಗಿನಲ್ಲೇ ಹಿಡಿದೆ.

"ಯಾಕ ಹಿಂಗ ಮಾಡಿದಿ? ನೆಲದ ಸಲುವಾಗಿ ಪತ್ರ ಅಂದಿದ್ದಿಲ್ಲ ನೀ?"

"ಓನರ್ ರಿಪ್ಲೈ ಮಾಡ್ಲಿಲ್ಲ ಗುರು. ಎಸ್ಕಲೇಟ್ ಮಾಡ್ದೆ. ಪ್ರೋಸೆಸ್ ಅಷ್ಟೇ."

"ಎರಡು ವಾರಕ್ಕ ಎಸ್ಕಲೇಟ್? ಕೆಳಗಿಳಿದು ಆಕೀಗ ಒಂದು ಮಾತು ಹೇಳಾಕ ಬರತಿರಲಿಲ್ಲೇನು? ಹದಿನೆಂಟು ಮೆಟ್ಟಲ ಅದಾವ!"

"ನಂಗೆ ಕಾನ್‌ಫ್ರಂಟೇಷನ್ ಇಷ್ಟ ಇಲ್ಲ. ರೂಲ್ ಇದೆ, ರೂಲ್ ಪ್ರಕಾರ ಹೋದೆ. ಪರ್ಸನಲ್ ಏನಿಲ್ಲಪ್ಪ. ನೀನ್ಯಾಕೆ ಇಷ್ಟು ಎಮೋಷನಲ್ ಆಗ್ತಿದೀಯಾ? ಒಂದು ಪಬ್ ತಾನೆ?"

ಕಿರುಚಿದ್ದರೆ, ಬೈದಿದ್ದರೆ ನನಗೆ ಅಷ್ಟು ಉರಿಯುತ್ತಿರಲಿಲ್ಲ. ಅವನು ಶಾಂತವಾಗಿದ್ದ. ಕೆಳಗಿನ ಮನೆಯ ಹೆಂಗಸಿನ ಬದುಕನ್ನು ಎಕ್ಸೆಲ್ ಹಾಳೆಯಲ್ಲಿ ಹಾಕಿ ಕಳಿಸಿ, ತಾನು ಯಾರಿಗೂ ಕೆಟ್ಟದ್ದು ಮಾಡಿಲ್ಲ ಎಂದು ಪೂರ್ತಿ ನಂಬಿದ್ದ. ಈ ದೇಶಕ್ಕೆ ಬಂದು ನಾವು ಬೇಗ ಕಲಿಯುವುದು ಇದನ್ನೇ. ಇಲ್ಲಿಯವರ ಹಾಡನ್ನು ಕಲಿಯುವುದಿಲ್ಲ, ಅವರ ಅಡುಗೆ ಕಲಿಯುವುದಿಲ್ಲ, ಪಕ್ಕದ ಮನೆಯವರ ಹೆಸರು ಕೂಡ ಕಲಿಯುವುದಿಲ್ಲ. ದೂರು ಕೊಡುವುದನ್ನು ಮಾತ್ರ ಮೊದಲ ವರ್ಷವೇ ಕಲಿಯುತ್ತೇವೆ. ನಾನು ಹೊರತಲ್ಲ ಎನ್ನುವುದಕ್ಕೆ ಪುರಾವೆ ಆ ಪತ್ರದ ಕೊನೆಯ ಸಾಲಿನಲ್ಲೇ ಇತ್ತು.

ಮಂಗಳವಾರ ಮಧ್ಯಾಹ್ನ ರಜೆ ಹಾಕಿ ಕ್ನೈಪೆಗೆ ಹೋದೆ. ಒಡತಿ ಒಬ್ಬಳೇ ಗ್ಲಾಸು ಒರೆಸುತ್ತಿದ್ದಳು. ನಿಂತುಕೊಂಡೇ ಎಲ್ಲ ಹೇಳಿದೆ. ಫ್ಲ್ಯಾಟಿನ ಸುದ್ದಿ ಅವನಿಗೆ ಹೇಳಿದ್ದು ನಾನು, ಪತ್ರದ ಆ ಭಾಗ ತಿದ್ದಿದ್ದು ನಾನು, ಕೊನೆಯ ಸಾಲು ನನ್ನದೇ.

ಅವಳು ಕೈಯಲ್ಲಿದ್ದ ಗ್ಲಾಸನ್ನು ಬೆಳಕಿಗೆ ಹಿಡಿದು ನೋಡಿದಳು. "ಚೆನ್ನಾಗಿ ಬರೆಯುತ್ತೀಯ" ಎಂದಳು. ಅದನ್ನು ಕೆಳಗಿಟ್ಟು, "ಈಗ ಹೋಗು. ಇವತ್ತು ನಿನ್ನನ್ನು ನೋಡುವುದಕ್ಕೆ ನನಗೆ ಆಗುವುದಿಲ್ಲ" ಎಂದಳು.

ಬೈದಿದ್ದರೆ ಒಳ್ಳೆಯದಿತ್ತು. ಮನೆಗೆ ಬಂದು ಆ ಕಚೇರಿಗೆ ಒಂದು ಪತ್ರ ಬರೆದೆ. ನಾನು ಆರು ವರ್ಷದಿಂದ ಅಲ್ಲಿಗೆ ಹೋಗುವವನು, ಮಧ್ಯಾಹ್ನ ಎರಡಕ್ಕೆ ಎಲ್ಲ ಮುಗಿಯುತ್ತದೆ, ಮೇಲಿನವರು ಹಾಡಿನ ವಿಷಯ ತಿಳಿದೇ ಮನೆ ಕೊಂಡರು ಎಂದು. ಸಭ್ಯವಾದ ಉತ್ತರ ಬಂತು: ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ, ಆದರೆ ನೀವು ಆ ಕಟ್ಟಡದ ನಿವಾಸಿಯಲ್ಲ. ನೆಲ ಸರಿಮಾಡಿಸಲು, ತಜ್ಞರ ವರದಿಗೆ ಹಣ ಕೊಡಲು ಜಾಗದ ಮಾಲೀಕರು ಒಪ್ಪಲಿಲ್ಲ. ಹಾಡಿಲ್ಲದೆ ಒಡತಿ ಜಾಗ ಬಿಟ್ಟರೆ ಬೇರೆ ಬಾಡಿಗೆದಾರರು ಬರುತ್ತಾರೆ ಎನ್ನುವುದು ಅವರಿಗೆ ಗೊತ್ತಿತ್ತು.

ನವೆಂಬರಿನಲ್ಲಿ ಕನ್ನಡ ಸಂಘದ ರಾಜ್ಯೋತ್ಸವ. ಪಕ್ಕದ ಊರಿನ ಸಾರ್ವಜನಿಕ ಸಭಾಂಗಣ ಗೊತ್ತುಮಾಡಿದ್ದರು, ಭಾನುವಾರ ಮಧ್ಯಾಹ್ನ. ಬರುವುದಿಲ್ಲ ಎಂದೆ. ಮಗಳಿಗೆ ನೃತ್ಯವಿತ್ತು, ಹೆಂಡತಿ ಬಿಡಲಿಲ್ಲ. ಅವನು ಆ ವರ್ಷ ಸಂಘದ ಕಾರ್ಯದರ್ಶಿ. ಎರಡು ಆಳೆತ್ತರದ ಸ್ಪೀಕರ್ ತರಿಸಿದ್ದರು. ಮಕ್ಕಳ ಕುಣಿತದ ನಡುವೆ ಸಭಾಂಗಣದ ಮೇಲ್ವಿಚಾರಕ ಬಂದು, ಅಕ್ಕಪಕ್ಕದ ಮನೆಯವರು ಫೋನ್ ಮಾಡಿದ್ದಾರೆ, ದಯವಿಟ್ಟು ಸದ್ದು ಕಡಿಮೆ ಮಾಡಿ, ಕಿಟಕಿ ಮುಚ್ಚಿ ಎಂದು ಹೇಳಿ ಹೋದ.

ನಮ್ಮ ಕಾರ್ಯದರ್ಶಿ ವೇದಿಕೆ ಹತ್ತಿ ಮೈಕ್ ಹಿಡಿದ.

"ಸ್ನೇಹಿತರೇ, ನಮ್ಮ ಕಲ್ಚರ್ ಇವ್ರಿಗೆ ನಾಯ್ಸ್ ಅನ್ಸುತ್ತೆ! ವರ್ಷಕ್ಕೆ ಒಂದ್ ದಿನ, ಹಾಡು ಅಂದ್ರೆ ಏನು ಅಂತ ಅರ್ಥ ಮಾಡ್ಕೊಳಕ್ಕೆ ಆಗಲ್ವಾ ಇವ್ರಿಗೆ? ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಕ್ಕೆ ಆಗಲ್ವಾ?"

ಚಪ್ಪಾಳೆ ಬಿತ್ತು. ಶಿಳ್ಳೆ ಬಿತ್ತು. ನಾನು ಎದ್ದು ನಿಂತದ್ದು ನನಗೇ ಗೊತ್ತಾಗಲಿಲ್ಲ.

"ನೀ ಮಾಡಿಕೊಂಡೇನು ಅಡ್ಜಸ್ಟ್?" ಎಂದು ಕೂಗಿದೆ. ಚಪ್ಪಾಳೆ ನಿಂತಿತು. "ನಿನ್ನ ಮನಿ ಕೆಳಗ ಆ ಮುದುಕ ಅಕಾರ್ಡಿಯನ್ ಬಾರಸ್ತಿದ್ದ. ಎಷ್ಟು ವರ್ಷದಿಂದ ಬಾರಸ್ತಿದ್ದ, ಕೇಳಿದೇನು? ಅವನ ಹಾಡು ನಾಯ್ಸ್, ನಿನ್ನ ಸ್ಪೀಕರ್ ಕಲ್ಚರ್, ಹೌದಿಲ್ಲೋ? ಫೋನ್ ಮಾಡಿದ ಆ ಬಾಜೂ ಮನಿಯವರು ಯಾರಂತ ತಿಳಿದಿ? ಅವರೂ ನಿನ್ನಂಗ ರೆಸ್ಟ್ ತೊಗೊಳಾಕ ಹತ್ತ್ಯಾರ! ಅವರಿಗೂ ಸ್ಲೀಪ್ ಸ್ಕೋರ್ ಅದ!"

ಯಾರೋ ನನ್ನ ತೋಳು ಹಿಡಿದು ಕೂರಿಸಲು ನೋಡಿದರು. "ಹಬ್ಬದ ದಿನ ಇದೆಲ್ಲ ಯಾಕೆ ಸಾರ್" ಎಂದರು. ಅವನು ಮೈಕಿನಲ್ಲೇ ನಕ್ಕು, "ನಮ್ಮ ಫ್ರೆಂಡ್ ಸ್ವಲ್ಪ ಎಮೋಷನಲ್ ಆಗಿದಾರೆ" ಎಂದ. ಮುಂದಿನ ಹಾಡು ಶುರುವಾಯಿತು. ಹಿಂದಿನ ಸಾಲಿನಿಂದ ಒಬ್ಬ, ನನಗೆ ಕೇಳಿಸಲೆಂದೇ, "ಕುಡಿಯೋ ಜಾಗದ ಮೇಲೆ ಇವರಿಗೆ ಇಷ್ಟೊಂದು ಪ್ರೀತಿ ನೋಡಿ!" ಎಂದ. ಆ 'ಇವರಿಗೆ' ಎನ್ನುವ ಮಾತಿನಲ್ಲಿ ಏನಿತ್ತು ಎಂದು ಅಲ್ಲಿದ್ದ ಎಲ್ಲರಿಗೂ ಅರ್ಥವಾಯಿತು. ಆ ಮಾತಾಡಿದವನ ಕಡೆ ತಿರುಗಿ ನೋಡಿದೆ. ಹೋಳಿಗೆ ತಿನ್ನುತ್ತಿದ್ದ.

ಮನೆಗೆ ಬರುವಾಗ ಕಾರಿನಲ್ಲಿ ಮಗಳು ಜರ್ಮನ್‌ನಲ್ಲಿ ಹೇಳಿದಳು: ನೀನು ಕೂಗಿದ್ದು ನನಗೆ ಅವಮಾನವಾಯಿತು, ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಹೆಂಡತಿ ಮಾತ್ರ, "ಕೂಗಿದ್ದು ಸರಿ ಐತಿ. ಒಂದೀಟು ತಡಾ ಆತು" ಎಂದಳು.

ತಡವಾಗಿತ್ತು. ಹಾಡು ನಿಂತ ಮೇಲೆ ಭಾನುವಾರ ಬರುವವರು ಒಬ್ಬೊಬ್ಬರಾಗಿ ಕಡಿಮೆಯಾದರು. ಅವರಿಗೆ ಹಾಡು ಅಷ್ಟೊಂದು ಮುಖ್ಯ ಎಂದು ಅವರಿಗೇ ಗೊತ್ತಿರಲಿಲ್ಲ ಅನ್ನಿಸುತ್ತದೆ. ಯಾರೂ ಅದನ್ನು ಸುಮ್ಮನೆ ಕೂತು ಕೇಳುತ್ತಿರಲಿಲ್ಲವಲ್ಲ. ಆದರೆ ಹಾಡಿಲ್ಲದಾಗ ಮಾತು ಬರಿಯ ಮಾತಾಗಿ ಉಳಿಯಿತು, ನಡುನಡುವೆ ಬೀಳುವ ಮೌನವನ್ನು ತುಂಬಲು ಏನೂ ಇರಲಿಲ್ಲ. ನಾನು ಎರಡು ವಾರ ಬಿಟ್ಟು ಮತ್ತೆ ಹೋದೆ. ಒಡತಿ ಸೇಬಿನ ರಸ ತಂದಿಟ್ಟಳು. ಬೇಳೆಯನ್ನೂ ತಂದಳು. ಮೊದಲಿನ ಹಾಗೆ ಬೈಯಲಿಲ್ಲ, ರೇಗಿಸಲಿಲ್ಲ. ಗಿರಾಕಿಯ ಜೊತೆ ಹೇಗೆ ನಡೆದುಕೊಳ್ಳಬೇಕೋ ಹಾಗೆ ನಡೆದುಕೊಂಡಳು. ಅದೇ ನನಗೆ ಸಿಕ್ಕ ಶಿಕ್ಷೆ. ಚಳಿಗಾಲ ಮುಗಿಯುವಾಗ ಬಾಡಿಗೆಯ ಕರಾರು ಮುಗಿಯಿತು, ಮಾಲೀಕರು ಮುಂದುವರಿಸಲಿಲ್ಲ. ಮೇಜು ಕುರ್ಚಿಗಳನ್ನು ಹೊರಗೆ ಸಾಗಿಸಿದ ದಿನ ಹೋಗಿ ಕೈಜೋಡಿಸಿದೆ. ಕೊನೆಯಲ್ಲಿ ಅವಳು ನನ್ನ ಕೈ ಕುಲುಕಿ, "ನಿನ್ನ ಮೇಲೆ ನನಗೆ ಇನ್ನೂ ಸಿಟ್ಟಿದೆ. ಅವನ ಮೇಲೆ ಅಷ್ಟಿಲ್ಲ. ಅವನು ನನಗೆ ಯಾರೂ ಅಲ್ಲ" ಎಂದಳು. ಈಗ ಅವಳು ತಂಗಿಯ ಊರಿನಲ್ಲಿದ್ದಾಳೆ.

ಅವನು ಒಂದೇ ವರ್ಷದಲ್ಲಿ ಆ ಫ್ಲ್ಯಾಟ್ ಬಾಡಿಗೆಗೆ ಕೊಟ್ಟು, ಇನ್ನೂ ಒಳ್ಳೆಯ ಕೆಲಸ ಸಿಕ್ಕಿತೆಂದು ಮ್ಯಾನ್‌ಹೈಮ್ ಕಡೆಗೆ ಹೋದ. ಹೋಗುವ ಮುನ್ನ ಎಲ್ಲರಿಗೂ ಊಟ ಹಾಕಿಸಿದ. ನನ್ನನ್ನೂ ಕರೆದಿದ್ದ. ಅವನ ಮನಸ್ಸಿನಲ್ಲಿ ನಮ್ಮ ನಡುವೆ ಏನೂ ನಡೆದೇ ಇರಲಿಲ್ಲ.

ಅಕಾರ್ಡಿಯನ್ ಮುದುಕ ಮತ್ತು ಕ್ಲಾರಿನೆಟ್ಟಿನ ಹೆಂಗಸು ಈಗ ತಿಂಗಳಿಗೊಮ್ಮೆ ಚರ್ಚಿನ ಪಕ್ಕದ ಸಭಾಭವನದಲ್ಲಿ ನುಡಿಸುತ್ತಾರೆ. ಮೊನ್ನೆ ಹೋಗಿದ್ದೆ. ಸಾಲಾಗಿ ಹಾಕಿದ ಕುರ್ಚಿಗಳು, ಕಾಗದದ ತಟ್ಟೆಯಲ್ಲಿ ಕೇಕ್. ಜನ ಕೈಕಟ್ಟಿ ಕೂತು ಗೌರವದಿಂದ ಕೇಳಿದರು, ಪ್ರತಿ ಹಾಡಿಗೂ ಚಪ್ಪಾಳೆ ತಟ್ಟಿದರು. ಯಾರೂ ಕೆಮ್ಮಲಿಲ್ಲ ಕೂಡ. ವಿರಾಮದಲ್ಲಿ ಮುದುಕನ ಹತ್ತಿರ ಹೋಗಿ ನಿಂತೆ. ಬೆರಳು ತಿಕ್ಕಿಕೊಳ್ಳುತ್ತಿದ್ದ.

"ಹೇಗಿದೆ ಇಲ್ಲಿ?" ಎಂದೆ.

"ಯಾರೂ ಮಾತಾಡುವುದಿಲ್ಲ" ಎಂದ ಅವನು. "ಹೀಗೆ ಬಾಯಿ ಮುಚ್ಚಿಕೊಂಡು ಕೂತರೆ ನಾನು ಯಾರಿಗೆ ಅಂತ ನುಡಿಸಲಿ?"

ಎರಡನೆಯ ಭಾಗ ಶುರುವಾಯಿತು. ಹಿಂದಿನ ಸಾಲಿನಲ್ಲಿ ಕೂತು, ಪಕ್ಕದ ಅಪರಿಚಿತ ಹೆಂಗಸಿಗೆ, ಬೇಕೆಂದೇ, ಸ್ವಲ್ಪ ಗಟ್ಟಿಯಾಗಿ, ಕೇಕ್ ಚೆನ್ನಾಗಿದೆ ಅಲ್ಲವೇ ಎಂದೆ. ಮುಂದಿನ ಸಾಲಿನ ಮೂವರು ತಿರುಗಿ ನನ್ನನ್ನು ದುರುಗುಟ್ಟಿ ನೋಡಿದರು.